ಮಗನ ನೆಗಡಿ, ನನ್ನ ಆಸಿಡಿಟಿ, ಯಜಮಾನರ ಹರಳು: ಹೋಮಿಯೋಪತಿ ಮಾಡಿಸಬಹುದಾ?

ನೀವು ಬರೆದದ್ದನ್ನು ಎರಡು ಸಲ ಓದಿದೆ. ಬೆಂಗಳೂರಿನಿಂದ ವಿಜಯಪುರಕ್ಕೆ ವರ್ಗವಾಗಿ ಬಂದು ಎಂಟು ತಿಂಗಳಾಗಿದೆ. ನಾಲ್ಕು ವರ್ಷದ ಮಗನಿಗೆ ತಿಂಗಳಿಗೊಮ್ಮೆ ನೆಗಡಿ, ನಿಮಗೆ ಆಸಿಡಿಟಿ, ಯಜಮಾನರಿಗೆ ಸ್ಕ್ಯಾನಿನಲ್ಲಿ ಕಂಡ 4 ಮಿಲಿಮೀಟರಿನ ಮೂತ್ರದ ಹರಳು. ಓಣಿಯವರೆಲ್ಲ ‘ಹೋಮಿಯೋಪತಿ ಮಾಡಸ್ರಿ, ಸೈಡ್ ಎಫೆಕ್ಟ್ ಇರೂದಿಲ್ಲ’ ಅನ್ನುತ್ತಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಆದರೆ ಆ ಸಕ್ಕರೆ ಗುಳಿಗೆಗಳನ್ನು ಆರು ವರ್ಷ ಕೈಯಾರೆ ತುಂಬಿ ಕೊಟ್ಟವನು. ಗಾಂಧಿ ಚೌಕದ ಹತ್ತಿರ ನಮ್ಮ ಸೋದರಮಾವನಿಗೆ ಹೋಮಿಯೋಪತಿ ಔಷಧದ ಅಂಗಡಿ ಇತ್ತು. ಊರಿನ ಹೆಸರು ಆಗಿನ್ನೂ ಬಿಜಾಪುರ. ಪಿಯುಸಿ ಮುಗಿದ ಮೇಲೆ ಅಲ್ಲಿ ಕೂತೆ, ಆಮೇಲೆ ಡಿ.ಫಾರ್ಮ, ಅಂದರೆ ಔಷಧಶಾಸ್ತ್ರದ ಡಿಪ್ಲೊಮಾ ಮಾಡಿಕೊಂಡೆ. ಈಗ ನನ್ನದೇ ಮೆಡಿಕಲ್ ಶಾಪ್ ಇದೆ, ಇಂಗ್ಲಿಷ್ ಔಷಧದ್ದು. ಹಾಗಾಗಿ ನನ್ನ ಮಾತಿನ ಮೇಲೂ ಒಂಚೂರು ಅನುಮಾನ ಇಟ್ಟುಕೊಂಡೇ ಓದಿ.

ಮೊದಲು ಆ ಬಾಟಲಿಯಲ್ಲಿ ಏನಿರುತ್ತದೆ ಅಂತ ಹೇಳುತ್ತೇನೆ. ಗುಳಿಗೆ ನಮ್ಮಲ್ಲಿಗೆ ಬರುವಾಗ ಬರೀ ಸಕ್ಕರೆ, ಡಬ್ಬಿಗಟ್ಟಲೆ. ಡಾಕ್ಟರ ಚೀಟಿ ನೋಡಿ ಡ್ರಾಮ್ ಅನ್ನುವ ಸಣ್ಣ ಬಾಟಲಿಗೆ ಗುಳಿಗೆ ಸುರುವಿ, ಬೇಕಾದ ಔಷಧದ ಹನಿ ನಾಲ್ಕೈದು ಬಿಟ್ಟು, ಮುಚ್ಚಳ ಹಾಕಿ ಅಲುಗಾಡಿಸಿ, ಚೀಟಿ ಅಂಟಿಸಿದರೆ ಮುಗಿಯಿತು. ಆ ಹನಿ ಬಹುತೇಕ ಸ್ಪಿರಿಟ್. ಅಂಗಡಿಯಿಂದ ಮನೆಗೆ ಹೋದರೆ ನಮ್ಮವ್ವ ‘ಎಲ್ಲಿ ಕುಡದ್ ಬಂದಿ?’ ಅಂತ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಚೀಟಿಗಳಲ್ಲಿ ಆಗಾಗ ಎರಡು ಬಾಟಲಿ ಇರುತ್ತಿದ್ದವು. ಮೊದಲನೆಯದು ಔಷಧ, ಎರಡನೆಯದಕ್ಕೆ ‘ಎಸ್.ಎಲ್.’ ಅಂತ ಬರೆದಿರುತ್ತಿತ್ತು. ಸ್ಯಾಕರಮ್ ಲ್ಯಾಕ್ಟಿಸ್, ಅಂದರೆ ಹಾಲಿನ ಸಕ್ಕರೆ. ಹನಿ ಬಿಡುವಂತಿಲ್ಲ, ಬರೀ ಗುಳಿಗೆ. ಒಂದು ಡೋಸ್ ಔಷಧ ಕೊಟ್ಟ ಮೇಲೆ ಅದು ಕೆಲಸ ಮಾಡುವ ತನಕ ಕಾಯಬೇಕು ಅನ್ನುವುದು ಹೋಮಿಯೋಪತಿಯ ನಿಯಮ. ರೋಗಿಗೆ ಕಾಯುವ ತಾಳ್ಮೆ ಇರುವುದಿಲ್ಲವಾದ್ದರಿಂದ ನಡುವೆ ಈ ಎಸ್.ಎಲ್. ಅದರಲ್ಲಿ ಮುಚ್ಚುಮರೆ ಏನಿಲ್ಲ, ಅವರ ಪುಸ್ತಕಗಳಲ್ಲೇ ಇದೆ. ಸಿಂದಗಿ ಕಡೆಯಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಮುದುಕಿ ಇದ್ದಳು. ಮಂಡಿನೋವು. ಎರಡನೇ ಸಲ ಬಂದಾಗ ಮೊದಲನೇ ಬಾಟಲಿಯನ್ನು ಕಟ್ಟೆಯ ಮೇಲೆ ಇಟ್ಟು, ‘ಇದು ಬ್ಯಾಡ ತಮ್ಮಾ, ಆ ಎರಡ್ನೇ ಬಾಟ್ಲಿ ಕೊಡು, ಅದ ಭಾಳ ಪಾವರ್ ಐತಿ’ ಅಂದಳು. ನಾನು ಮಾವನ ಮುಖ ನೋಡಿದೆ. ಮಾವ ಫ್ಯಾನಿನ ಕಡೆ ನೋಡಿದ. ಕೊಟ್ಟು ಕಳಿಸಿದೆ. ನನ್ನ ನಂಬಿಕೆ ಮೊದಲ ಸಲ ಅಲುಗಾಡಿದ್ದು ಯಾವ ವಿಜ್ಞಾನಿಯಿಂದಲೂ ಅಲ್ಲ, ಆ ಅಜ್ಜಿಯಿಂದ.

ಇನ್ನು ಹನಿಯ ಲೆಕ್ಕ. ಬಾಟಲಿಯ ಮೇಲೆ 30 ಅಂತ ಇದ್ದರೆ, ಮೂಲ ಔಷಧದ ಒಂದು ಪಾಲಿಗೆ 99 ಪಾಲು ಸ್ಪಿರಿಟ್ ಸೇರಿಸಿ ಕುಲುಕಿ, ಅದರ ಒಂದು ಪಾಲಿಗೆ ಮತ್ತೆ 99 ಪಾಲು ಸೇರಿಸಿ, ಹೀಗೆ ಮೂವತ್ತು ಸಲ ಮಾಡಿದ್ದು ಅಂತ ಅರ್ಥ. ಈ ನಂಬರಿಗೇ ಪೊಟೆನ್ಸಿ ಅನ್ನುತ್ತಾರೆ. ನಮ್ಮ ಪಕ್ಕದ ಆಲಮಟ್ಟಿಯನ್ನೇ ತಗೊಳ್ಳಿ. ಡ್ಯಾಮ್ ತುಂಬಿದರೆ 123 ಟಿಎಂಸಿ. ತುಂಬಿದ ಆ ಹಿನ್ನೀರಿಗೆಲ್ಲ ಒಂದೇ ಒಂದು ಹನಿ ಔಷಧ ಬಿಟ್ಟು ಕಲಕಿದಿರಿ ಅನ್ನಿ. ನಾನು ಕೂತು ಲೆಕ್ಕ ಹಾಕಿದ್ದೇನೆ, ಅದು 8ನೇ ಪೊಟೆನ್ಸಿ ದಾಟುತ್ತದೆ, 9ಕ್ಕೆ ಮುಟ್ಟುವುದಿಲ್ಲ. ನಿಮಗೆ ಕೊಡುವುದು 30 ಅಥವಾ 200. ಸುಮಾರು 12 ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವ ಕಡಿಮೆ. ಇಲ್ಲಿ ನಂಬರು ಹೆಚ್ಚಾದಷ್ಟೂ ‘ಪಾವರ್’ ಹೆಚ್ಚು ಅನ್ನುತ್ತಾರೆ, ಅದು ಬೇರೆ.

ಈ ಪದ್ಧತಿ ಕಟ್ಟಿದ ಜರ್ಮನಿಯ ಸ್ಯಾಮ್ಯುಯೆಲ್ ಹಾನೆಮನ್ ದಡ್ಡನೇನಲ್ಲ. ಮಲೇರಿಯಾಕ್ಕೆ ಕೊಡುತ್ತಿದ್ದ ಸಿಂಕೋನಾ ತೊಗಟೆಯನ್ನು 1790ರಲ್ಲಿ ತಾನೇ ತಿಂದು, ಮಲೇರಿಯಾದಂಥ ಲಕ್ಷಣಗಳೇ ತನಗೆ ಬಂದವು ಅಂದ. ಅಲ್ಲಿಂದ ‘ಯಾವುದು ರೋಗದ ಲಕ್ಷಣ ತರುತ್ತದೋ ಅದೇ ಆ ರೋಗಕ್ಕೆ ಮದ್ದು’ ಅನ್ನುವ ಸೂತ್ರ ಹೊರಟಿತು, 1810ರಲ್ಲಿ ‘ಆರ್ಗನಾನ್’ ಅನ್ನುವ ಪುಸ್ತಕ ಬರೆದ. ಆ ಕಾಲದ ದೊಡ್ಡ ಡಾಕ್ಟರುಗಳು ರೋಗಿಯ ರಕ್ತ ಹರಿಸುತ್ತಿದ್ದರು, ಪಾದರಸ ಕುಡಿಸುತ್ತಿದ್ದರು. ಅಂಥವರ ಮುಂದೆ, ಏನೂ ಮಾಡದೆ ಆರೈಕೆ ಮಾತ್ರ ಮಾಡುವವನ ರೋಗಿಯೇ ಬದುಕಿದರೆ ಆಶ್ಚರ್ಯವೇನು? ಈಗಿನ ಲೆಕ್ಕ ಬೇಕಾದರೆ, ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ 2015ರಲ್ಲಿ, ಯಾವ ಕಾಯಿಲೆಗೂ ಇದು ಪರಿಣಾಮಕಾರಿ ಅನ್ನಲು ನಂಬುವಂಥ ಪುರಾವೆ ಇಲ್ಲ ಅಂತ ಹೇಳಿತು. ಫ್ರಾನ್ಸ್ ಸರಕಾರ 2021ರಿಂದ ಇದರ ಖರ್ಚು ಕೊಡುವುದನ್ನು ನಿಲ್ಲಿಸಿತು. ಆದರೆ ನಮ್ಮ ದೇಶದಲ್ಲಿ ಇದು ಕಾಯ್ದೆಬದ್ಧ ಪದ್ಧತಿ, ಬಿ.ಎಚ್.ಎಂ.ಎಸ್. ಅನ್ನುವ ಐದೂವರೆ ವರ್ಷದ ಹೋಮಿಯೋಪತಿ ಪದವಿ ಕೋರ್ಸಿದೆ. ಕಲಿತವರು ಅಂಗರಚನೆ, ರೋಗಶಾಸ್ತ್ರ ಎಲ್ಲ ಓದಿರುತ್ತಾರೆ. ಆ ಓದು ಸುಳ್ಳಲ್ಲ.

ಹಾಗಾದರೆ ಓಣಿಯವರಿಗೆ ಗುಣವಾದದ್ದು ಸುಳ್ಳಾ ಅಂತ ಕೇಳುತ್ತೀರಿ. ಸುಳ್ಳಲ್ಲ ಅಕ್ಕಾರ. ನಿಮ್ಮ ಯಜಮಾನರ ಹರಳನ್ನೇ ನೋಡಿ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬೆವರಿ ಬೆವರಿ ಮೂತ್ರ ಗಟ್ಟಿಯಾಗುತ್ತದೆ, ಹರಳಿನ ತಕರಾರು ಮನೆಗೊಂದು. ಮಾವನ ಅಂಗಡಿಯಲ್ಲಿ ಏಪ್ರಿಲ್ ಬಂತೆಂದರೆ ಬರ್ಬೆರಿಸ್ ವಲ್ಗ್ಯಾರಿಸ್ ಅನ್ನುವ ಗಿಡದ ಮದರ್ ಟಿಂಕ್ಚರ್, ಅಂದರೆ ಇನ್ನೂ ತೆಳು ಮಾಡದ ಮೂಲ ಔಷಧ, ತರಿಸಿದಷ್ಟೂ ಸಾಲುತ್ತಿರಲಿಲ್ಲ. ‘ಅರ್ಧ ಕಪ್ ನೀರಾಗ 15 ಹನಿ, ದಿನಕ್ಕ ಮೂರು ಸಲ, ಜೊತಿಗಿ ದಿನಾ ಮೂರ್ನಾಲ್ಕು ಲೀಟರ್ ನೀರು.’ ಮೂರು ವಾರದಲ್ಲಿ ಗಿರಾಕಿ ಬಂದು ಕಾಗದದಲ್ಲಿ ಸುತ್ತಿದ ಹರಳನ್ನೇ ಕಟ್ಟೆಯ ಮೇಲಿಟ್ಟು ತೋರಿಸುತ್ತಿದ್ದ. ಮಾವ ಅವನ್ನು ಒಂದು ಸಣ್ಣ ಡಬ್ಬಿಯಲ್ಲಿ ಕೂಡಿಟ್ಟಿದ್ದ, ಹೊಸ ಗಿರಾಕಿಗಳಿಗೆ ತೋರಿಸಲಿಕ್ಕೆ. ಆದರೆ 5 ಮಿಲಿಮೀಟರಿಗಿಂತ ಸಣ್ಣ ಹರಳು ಬಹುಪಾಲು ತಾನಾಗಿಯೇ ಬೀಳುತ್ತದೆ. ಡಬ್ಬಿಯಲ್ಲಿದ್ದದ್ದೆಲ್ಲ ಅಂಥ ಸಾಸಿವೆ ಗಾತ್ರದವೇ. ದೊಡ್ಡ ಹರಳಿನವರು ಡಬ್ಬಿಗೆ ಬರಲಿಲ್ಲ, ಆಪರೇಷನ್ನಿಗೆ ಹೋದರು. ಅವರನ್ನು ಯಾರೂ ಲೆಕ್ಕ ಹಿಡಿಯಲಿಲ್ಲ.

ಮಗನ ನೆಗಡಿಯೂ ಅದೇ ಕಥೆ. ಆ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಸಹಜ, ಈಗಷ್ಟೇ ಅಂಗನವಾಡಿ, ಎಲ್‌ಕೆಜಿ ಅಂತ ಹೋಗುತ್ತಿದ್ದರೆ ಇನ್ನೂ ಹೆಚ್ಚು. ಒಂದು ನೆಗಡಿ ಹೋಗಲು ವಾರ, ಹತ್ತು ದಿನ. ಮೂರನೇ ದಿನ ಗುಳಿಗೆ ಶುರು ಮಾಡಿದರೆ ಹತ್ತನೇ ದಿನಕ್ಕೆ ‘ಗುಳಿಗಿಯಿಂದ ಗುಣ ಆತು’. ಮೂಗು ಸೋರಿದರೆ ಕೊಡುವ ಏಲಿಯಮ್ ಸೀಪಾ ಅಂದರೆ ಬೇರೇನಲ್ಲ, ನಮ್ಮ ಉಳ್ಳಾಗಡ್ಡಿ! ಉಳ್ಳಾಗಡ್ಡಿ ಹೆಚ್ಚಿದರೆ ಮೂಗು, ಕಣ್ಣು ಸೋರುತ್ತವಲ್ಲ, ಅದಕ್ಕೇ. ತಮಾಷೆ ಅಂದರೆ ಗುಳಿಗೆ ಕೊಡುವಾಗ ನಾವೇ ‘ಅರ್ಧ ತಾಸು ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನಬ್ಯಾಡ್ರಿ’ ಅನ್ನುತ್ತಿದ್ದೆವು. ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಕಚ್ಚದೆ ಊಟವೇ ಮುಗಿಯದ ಊರಿನಲ್ಲಿ!

ಇಲ್ಲಿ ನನ್ನ ಈಗಿನ ಅಂಗಡಿಯ ಮಾತೂ ಹೇಳಬೇಕು. ನೆಗಡಿ ಬಂದ ಮಗುವಿನ ತಾಯಿ ಬಂದು ‘ಹೋದ ಸಲ ಬರದಿದ್ರಲ್ಲ, ಆ ಆಂಟಿಬಯೋಟಿಕ್ಕೇ ಕೊಡ್ರಿ’ ಅನ್ನುತ್ತಾರೆ. ನೆಗಡಿ ವೈರಸ್‌ನದ್ದು, ಆಂಟಿಬಯೋಟಿಕ್ ಅದಕ್ಕೆ ಏನೂ ಮಾಡುವುದಿಲ್ಲ, ಬದಲಿಗೆ ಭೇದಿ ಹಚ್ಚಬಹುದು, ಮುಂದೆ ಬೇಕಾದಾಗ ಔಷಧ ನಾಟದಂತೆ ಮಾಡಬಹುದು. ಕೊಡುವುದಿಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಸುಮ್ಮನೆ ಆಂಟಿಬಯೋಟಿಕ್ ಕುಡಿಸುವುದಕ್ಕಿಂತ ನಾಲ್ಕು ಸಕ್ಕರೆ ಗುಳಿಗೆ ಸಾವಿರ ಪಾಲು ಮೇಲು, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ವರ್ಷ ದಾಟಿದ ಮಗುವಿಗೆ ಕೆಮ್ಮಿಗೆ ಒಂದು ಸಣ್ಣ ಚಮಚ ಜೇನುತುಪ್ಪ ಕೊಟ್ಟರೂ ಸಾಕು. ಆದರೆ ನೆಗಡಿಯ ಜೊತೆ ಉಸಿರು ಜೋರಾದರೆ ಎಣಿಸಿ. ಮಗು ಅಳದೆ ಸುಮ್ಮನಿದ್ದಾಗ ಒಂದು ನಿಮಿಷ ಪೂರ್ತಿ. ನಿಮ್ಮ ಮಗನ ವಯಸ್ಸಿಗೆ 40 ಅಥವಾ ಹೆಚ್ಚಾದರೆ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಒಳಗೆ ಸೆಳೆದರೆ, ನೀರೂ ಕುಡಿಯದಿದ್ದರೆ, ಯಾವ ಗುಳಿಗೆಯನ್ನೂ ನೋಡಬೇಡಿ, ಆಗಿಂದಾಗಲೇ ದವಾಖಾನೆಗೆ ಹೋಗಿ. ಅದು ನ್ಯುಮೋನಿಯಾ ಇರಬಹುದು. ಲಸಿಕೆಗೆ ಬದಲು ಹೋಮಿಯೋಪತಿ ಕೊಡುತ್ತೇವೆ ಅಂದವರ ಮನೆ ಮೆಟ್ಟಿಲನ್ನು ಮತ್ತೆ ಹತ್ತಬೇಡಿ.

ನಿಮ್ಮ ಆಸಿಡಿಟಿಗೆ ಹೆಚ್ಚಾಗಿ ನಕ್ಸ್ ವೊಮಿಕಾ ಬರೆಯುತ್ತಾರೆ, ಕಾಸರಕದ ಬೀಜದಿಂದ ಮಾಡಿದ್ದು. ಅದು ಯಾರಿಗೆ ಅಂತ ಅವರ ಪುಸ್ತಕ ಹೇಳುವುದನ್ನು ಕೇಳಿ: ಕೂತು ಕೆಲಸ ಮಾಡುವವರು, ರಾತ್ರಿ ನಿದ್ದೆಗೆಡುವವರು, ಚಹಾ, ಕಾಫಿ, ಖಾರ ಹೆಚ್ಚು ಮಾಡುವವರು, ಸಿಟ್ಟು ಮೂಗಿನ ತುದಿಯಲ್ಲೇ ಇರುವವರು. ಈ ಪಟ್ಟಿಯಲ್ಲೇ ಅರ್ಧ ಮದ್ದು ಇದೆಯಲ್ಲ! ಮಾವನ ಅಂಗಡಿಗೆ ಚೀಟಿ ಬರೆಯುತ್ತಿದ್ದ ಒಬ್ಬ ಹಿರಿಯ ಡಾಕ್ಟರು ಹೊಸ ರೋಗಿಯನ್ನು ಮುಕ್ಕಾಲು ತಾಸು ಕೂರಿಸಿಕೊಂಡು ಕೇಳುತ್ತಿದ್ದರು. ಯಾವ ಮಗ್ಗುಲಿಗೆ ಮಲಗುತ್ತೀರಿ, ಬಾಯಾರಿಕೆ ಹೇಗೆ, ಸೊಸೆ ಜೊತೆ ಹೇಗಿದ್ದೀರಿ. ಕೊನೆಗೆ ಖಾಲಿ ಹೊಟ್ಟೆಯ ಚಹಾ ಬಿಡಿಸಿ, ಸಂಜೆಯ ಮಿರ್ಚಿ ಭಜಿ ಬಿಡಿಸಿ, ಊಟವಾದ ಕೂಡಲೇ ಮಲಗಬೇಡಿ ಅಂತ ಹೇಳಿ, ಗುಳಿಗೆ ಬರೆಯುತ್ತಿದ್ದರು. ಗುಣವಾಗುತ್ತಿತ್ತು. ನಮ್ಮ ದೊಡ್ಡ ದವಾಖಾನೆಗಳ ಓಪಿಡಿಯಲ್ಲಿ ಎರಡು ನಿಮಿಷ ಸಿಕ್ಕರೆ ಪುಣ್ಯ. ಜನ ಹೋಮಿಯೋಪತಿಗೆ ಹೋಗುವುದು ಗುಳಿಗೆಗಿಂತ ಆ ಮುಕ್ಕಾಲು ತಾಸಿಗೆ ಅಂತ ನನಗೆ ಅನ್ನಿಸಿದೆ. ಮಲ ಕಪ್ಪಗೆ ಡಾಂಬರಿನಂತೆ ಆದರೆ, ನುಂಗಲು ತ್ರಾಸಾದರೆ, ತೂಕ ಇಳಿಯುತ್ತಿದ್ದರೆ ಮಾತ್ರ ಎಂಡೋಸ್ಕೋಪಿ ಮಾಡುವವರ ಹತ್ತಿರವೇ ಹೋಗಬೇಕು. ಎದೆಯುರಿಯ ಜೊತೆ ಬೆವರು, ತೋಳುನೋವು ಬಂದರೆ ಮೊದಲು ಇಸಿಜಿ.

‘ಸೈಡ್ ಎಫೆಕ್ಟ್ ಇಲ್ಲ’ ಅನ್ನುವುದು 30, 200ರ ಮಟ್ಟಿಗೆ ಹೌದು, ಇರಲಿಕ್ಕೆ ಒಳಗೆ ಏನಾದರೂ ಇರಬೇಕಲ್ಲ. ಮದರ್ ಟಿಂಕ್ಚರ್, 3 ಎಕ್ಸ್, 6 ಎಕ್ಸ್‌ಗಳಲ್ಲಿ (ನೂರರ ಬದಲು ಹತ್ತು ಪಾಲಿನ ಲೆಕ್ಕದಲ್ಲಿ ಮೂರು, ಆರು ಸಲ ತೆಳು ಮಾಡಿದವು) ಹಾಗಲ್ಲ, ನಿಜವಾದ ವಸ್ತು ಇರುತ್ತದೆ. ಅಮೆರಿಕದಲ್ಲಿ ಹಲ್ಲು ಬರುವ ಕೂಸುಗಳಿಗೆ ಕೊಡುವ ಹೋಮಿಯೋಪತಿ ಮಾತ್ರೆಗಳಲ್ಲಿ ಬೆಲ್ಲಡೋನಾ ವಿಷ ಒಂದರಲ್ಲಿ ಒಂದಿಷ್ಟು, ಇನ್ನೊಂದರಲ್ಲಿ ಇನ್ನೊಂದಿಷ್ಟು ಸಿಕ್ಕಿದೆ ಅಂತ ಅಲ್ಲಿನ ಔಷಧ ಇಲಾಖೆ 2017ರಲ್ಲಿ ಎಚ್ಚರಿಸಿತ್ತು. ಇನ್ನೊಂದು ಇದಕ್ಕಿಂತ ಹತ್ತಿರದ್ದು: ಹೆಸರಿಲ್ಲದ ಪುಡಿಯ ಪೊಟ್ಟಣ. ವರ್ಷಗಟ್ಟಲೆಯ ಸಂಧಿವಾತ ಎರಡೇ ದಿನದಲ್ಲಿ ಮಾಯ, ಹಸಿವು ಜಾಸ್ತಿ, ಮುಖ ಉಬ್ಬುತ್ತಿದೆ ಅಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿದ್ದಾರೆ ಅಂತ ಅನುಮಾನ ಪಡಿ. ಹಾಗಂತ ತಟ್ಟನೆ ನಿಲ್ಲಿಸಲೂ ಬೇಡಿ, ಪೊಟ್ಟಣ ತಗೊಂಡು ಎಂ.ಡಿ. ಡಾಕ್ಟರ ಹತ್ತಿರ ಹೋಗಿ.

ಎಲ್ಲಕ್ಕಿಂತ ದೊಡ್ಡ ಸೈಡ್ ಎಫೆಕ್ಟ್ ಅಂದರೆ ಕಳೆದ ದಿನಗಳು. ನಮ್ಮ ಚಿಗವ್ವಗೆ ಸಕ್ಕರೆ ಕಾಯಿಲೆ. ಬೇರೆ ಊರಿನಲ್ಲಿ ಒಬ್ಬರು ‘ಬೇರಸಹಿತ ಕಿತ್ತು ಹಾಕತೀನಿ, ಇಂಗ್ಲಿಷ್ ಗುಳಿಗಿ ಬಿಡ್ರಿ’ ಅಂದರು. ಸಿಜಿಜಿಯಂ ಜಂಬೋಲೇನಮ್ ಬರೆದರು, ಅಂದರೆ ನೇರಳೆ ಬೀಜ. ಬಾಟಲಿ ನಾನೇ ತೂಗಿ ಕೊಟ್ಟೆ. ಇಂಗ್ಲಿಷ್ ಗುಳಿಗೆ ನಿಲ್ಲಿಸಿದ್ದೀಯಾ ಅಂತ ಕೇಳಬೇಕು ಅನ್ನುವುದೂ ಆಗ ತಿಳಿಯಲಿಲ್ಲ. ನಾಲ್ಕು ತಿಂಗಳ ಮೇಲೆ ಚಪ್ಪಲಿ ಕಚ್ಚಿದ ಗಾಯ ಮಾಯಲಿಲ್ಲ, ಅದಕ್ಕೂ ಗುಳಿಗೆ ಆಯಿತು, ಕೊನೆಗೆ ಕಾಲಿನ ಎರಡು ಬೆರಳು ಹೋದವು. ಅವಳು ಇವತ್ತಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಮಾವನ ಅಂಗಡಿ ಬಿಟ್ಟದ್ದು ಅದೇ ವರ್ಷ.

ಇಷ್ಟಾದ ಮೇಲೂ ನೀವು ಹೋಗುವುದಾದರೆ ಹೋಗಿ, ನಾನು ಬೈಯುವುದಿಲ್ಲ. ಬಿ.ಎಚ್.ಎಂ.ಎಸ್. ಓದಿ ನೋಂದಣಿ ಮಾಡಿಸಿದವರ ಹತ್ತಿರ ಹೋಗಿ, ಔಷಧದ ಹೆಸರು ಬರೆಸಿಕೊಳ್ಳಿ, ಈಗ ನಡೆದಿರುವ ಬಿಪಿ, ಶುಗರ್, ಥೈರಾಯ್ಡ್ ಗುಳಿಗೆ ಬಿಡಿ ಅಂದರೆ ಎದ್ದು ಬನ್ನಿ. ನನಗೆ ಗೊತ್ತಿರುವ ಒಳ್ಳೆಯ ಹೋಮಿಯೋಪತಿ ಡಾಕ್ಟರು ಯಾರೂ ಹಾಗೆ ಅನ್ನುವುದಿಲ್ಲ, ಕೈಮೀರಿದ್ದನ್ನು ಅವರೇ ಚೀಟಿ ಬರೆದು ದೊಡ್ಡ ದವಾಖಾನೆಗೆ ಕಳಿಸುತ್ತಾರೆ.

ಒಂದು ವಿಷಯ ನೀವು ಬರೆದಿಲ್ಲ: ಯಜಮಾನರ ಸ್ಕ್ಯಾನ್ ಆಗಿ ಎಷ್ಟು ದಿನವಾಯಿತು? ತಿಂಗಳು ದಾಟಿದ್ದರೆ ಇನ್ನೊಮ್ಮೆ ಮಾಡಿಸಿ. ನೋವು ನಿಂತಿತು ಅಂದರೆ ಹರಳು ಬಿತ್ತು ಅಂತಲೇ ಅಲ್ಲ, ಮೂತ್ರನಾಳದಲ್ಲಿ ಸಿಕ್ಕಿಕೊಂಡು ಸದ್ದಿಲ್ಲದೆ ಕಿಡ್ನಿ ಊದಿಸುವುದೂ ಉಂಟು. ನಡುವೆ ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ರಾತ್ರಿಯಾದರೂ ಕಾಯಬೇಡಿ. ಸ್ಕ್ಯಾನ್ ರಿಪೋರ್ಟಿನಲ್ಲಿ ಹರಳು ಎಲ್ಲಿದೆ ಅಂತ ಇರುತ್ತದೆ, ಕಿಡ್ನಿಯಲ್ಲೋ ನಾಳದಲ್ಲೋ. ಅದನ್ನು ಕೆಳಗೆ ಬರೆದರೆ ನಿಮ್ಮ ಡಾಕ್ಟರಿಗೆ ಏನೇನು ಕೇಳಬೇಕು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ.