ಓದುಗರ ಪ್ರಶ್ನೆ: ಆಂಡ್ರಾಯ್ಡ್ ಯಾರ ಸೊತ್ತು?

ಪ್ರಶ್ನೆ: ಆಂಡ್ರಾಯ್ಡ್ ಮುಕ್ತ ತಂತ್ರಾಂಶ ಎನ್ನುತ್ತಾರೆ. ಹಾಗಿದ್ದರೆ ನನ್ನ ಫೋನಿನಿಂದ ಪ್ಲೇ ಸ್ಟೋರನ್ನು ಕಿತ್ತುಹಾಕಲು ಏಕೆ ಬರುವುದಿಲ್ಲ? (ಶಿರಸಿಯ ಓದುಗರು)

ಉತ್ತರ: ನಿಮ್ಮ ಫೋನಿನಲ್ಲಿ ಎರಡು ಪದರಗಳಿವೆ. ಕೆಳಗಿನದು ಆಂಡ್ರಾಯ್ಡ್ ಓಪನ್ ಸೋರ್ಸ್ ಪ್ರಾಜೆಕ್ಟ್, ಅಂದರೆ ಎಒಎಸ್‌ಪಿ. ಅದರ ಬಹುಪಾಲು ಕೋಡ್ ಅಪಾಚೆ 2.0 ಪರವಾನಗಿಯಲ್ಲಿದೆ, ಯಾರು ಬೇಕಾದರೂ ಇಳಿಸಿಕೊಂಡು, ತಿದ್ದಿ, ಮಾರಬಹುದು. ಅದರ ಮೇಲೆ ಕೂತಿರುವ ಪ್ಲೇ ಸ್ಟೋರ್, ಪ್ಲೇ ಸರ್ವೀಸಸ್ (ಆ್ಯಪ್‌ಗಳು ನೆಚ್ಚಿಕೊಳ್ಳುವ ಹಿನ್ನೆಲೆ ತಂತ್ರಾಂಶ), ಮ್ಯಾಪ್ಸ್ ಮಾತ್ರ ಗೂಗಲ್‌ನ ಸ್ವಂತ ಸೊತ್ತು. ಫೋನ್ ಕಂಪನಿ ಗೂಗಲ್ ಜತೆ ಕರಾರು ಮಾಡಿಕೊಂಡರಷ್ಟೇ ಅವು ಸಿಗುತ್ತವೆ. ‘ಆಂಡ್ರಾಯ್ಡ್’ ಎಂಬ ಹೆಸರೂ ಗೂಗಲ್‌ನ ಟ್ರೇಡ್‌ಮಾರ್ಕೇ. 2019ರಲ್ಲಿ ಅಮೆರಿಕದ ನಿರ್ಬಂಧ ಬಿದ್ದಾಗ ಚೀನಾದ ಫೋನ್ ಕಂಪನಿ ಹುವಾವೇಗೆ ಕೈತಪ್ಪಿದ್ದು ಈ ಮೇಲಿನ ಪದರ. ಎಒಎಸ್‌ಪಿ ಅವರ ಬಳಿಯೇ ಉಳಿಯಿತು, ಆದರೆ ಚೀನಾದ ಹೊರಗೆ ಪ್ಲೇ ಸ್ಟೋರ್ ಇಲ್ಲದ ಫೋನನ್ನು ಕೊಳ್ಳುವವರು ಯಾರು?

ಇಂಥ ಕರಾರುಗಳ ಮೇಲೇ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮೊದಲೇ ತುಂಬಿಟ್ಟ ಆ್ಯಪ್‌ಗಳನ್ನು ತೆಗೆಯಲು ಬಳಕೆದಾರರಿಗೆ ಬಿಡಬೇಕೆಂದೂ ಹೇಳಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಆ ನಿರ್ದೇಶನವನ್ನು ಕೈಬಿಟ್ಟಿತು. ಸದ್ಯಕ್ಕೆ ನಿಮಗಿರುವುದು ‘ಡಿಸೇಬಲ್’ ಗುಂಡಿ. ಪ್ಲೇ ಸ್ಟೋರ್ ಮಟ್ಟಿಗೆ ಒತ್ತಿ ನೋಡಬಹುದು. ಪ್ಲೇ ಸರ್ವೀಸಸ್ ಮುಟ್ಟಬೇಡಿ, ಅದನ್ನೇ ನೆಚ್ಚಿಕೊಂಡ ಆ್ಯಪ್‌ಗಳ ನೋಟಿಫಿಕೇಶನ್ ನಿಂತುಹೋಗುತ್ತದೆ.

ಪ್ರಶ್ನೆ: ಐಫೋನ್ ಪೂರ್ತಿ ಮುಚ್ಚಿದ್ದೇ? (ತುಮಕೂರಿನ ಓದುಗರು)

ಉತ್ತರ: ವ್ಯವಸ್ಥೆಯ ತಿರುಳಾದ ಕರ್ನಲ್ ಮತ್ತು ಬ್ರೌಸರ್ ಎಂಜಿನ್ ಆದ ವೆಬ್‌ಕಿಟ್‌ನ ಕೋಡನ್ನು ಆ್ಯಪಲ್ ಪ್ರಕಟಿಸುತ್ತದೆ. ಓದಬಹುದು, ಆದರೆ ತಿದ್ದಿದ್ದನ್ನು ಐಫೋನಿಗೆ ಹಾಕಲಾಗದು: ಆ್ಯಪಲ್ ಸಹಿ ಇಲ್ಲದ ವ್ಯವಸ್ಥೆಯನ್ನು ಅದು ಬೂಟ್ ಮಾಡುವುದಿಲ್ಲ.

ಪ್ರಶ್ನೆ: ಅಪ್‌ಡೇಟ್ ನಿಂತ ಹಳೆಯ ಆಂಡ್ರಾಯ್ಡ್ ಫೋನಿಗೆ ಲಿನಿಯೇಜ್ ಓಎಸ್ ಹಾಕಬಹುದೇ? (ಪುಣೆಯ ಓದುಗರು)

ಉತ್ತರ: ಲಿನಿಯೇಜ್ ಎಂದರೆ ಎಒಎಸ್‌ಪಿ ಆಧರಿಸಿ ಸ್ವಯಂಸೇವಕರು ಕಟ್ಟಿದ ಬದಲಿ ಆಂಡ್ರಾಯ್ಡ್. ಎರಡು ಸಂಗತಿ ಕೂಡಿಬಂದರೆ ಹಾಕಬಹುದು. ಲಿನಿಯೇಜ್‌ನ ಪಟ್ಟಿಯಲ್ಲಿ ನಿಮ್ಮ ಫೋನಿನ ಒಳಹೆಸರು, ಅಂದರೆ ಕೋಡ್‌ನೇಮ್ ಇರಬೇಕು. ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್‌ನ ಮಾಡೆಲ್‌ಗಳು ಬರುವುದರಿಂದ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಬೇಡಿ. ಜತೆಗೆ ಫೋನ್ ಆನ್ ಆದಾಗ ವ್ಯವಸ್ಥೆಯನ್ನು ಏಳಿಸುವ ಬೂಟ್‌ಲೋಡರ್‌ನ ಬೀಗ ತೆರೆಯುವಂತಿರಬೇಕು. ‘ಅಬೌಟ್ ಫೋನ್’ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಕಾಣಿಸುತ್ತದೆ. ಅದರೊಳಗೆ ‘ಒಇಎಂ ಅನ್‌ಲಾಕಿಂಗ್’ ಇಲ್ಲವೆಂದರೆ ಬಹುತೇಕ ಕಥೆ ಅಲ್ಲಿಗೇ ಮುಗಿಯಿತು, ಎಒಎಸ್‌ಪಿಯ ಕೋಡ್ ಎಷ್ಟೇ ಮುಕ್ತವಾಗಿರಲಿ. ಮಾಲೀಕತ್ವದ ನಿಜವಾದ ಪರೀಕ್ಷೆ ಈ ಗುಂಡಿ, ಪರವಾನಗಿ ಪತ್ರವಲ್ಲ.

ಅನ್‌ಲಾಕ್ ಮಾಡಿದ ಗಳಿಗೆಗೇ ಫೋಟೊ, ಚಾಟ್ ಎಲ್ಲ ಅಳಿಸಿಹೋಗುತ್ತದೆ, ಬ್ಯಾಕಪ್ ಮೊದಲು. ಆಮೇಲೆ, ಫೋನಿನ ತಂತ್ರಾಂಶ ತಿದ್ದದೆ ಇದೆಯೇ ಎಂದು ನೋಡುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ತಪಾಸಣೆಯಲ್ಲಿ ಫೋನ್ ಫೇಲಾಗಿ, ಕೆಲವು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ತೆರೆಯಲು ಒಪ್ಪುವುದಿಲ್ಲ. ಹಲವು ಮಾಡೆಲ್‌ಗಳಲ್ಲಿ ಸಿನಿಮಾಗಳ ನಕಲು ತಡೆಯುವ ವೈಡ್‌ವೈನ್‌ನ ಭದ್ರತಾ ಮಟ್ಟ ಎಲ್1ರಿಂದ ಎಲ್3ಕ್ಕೆ ಇಳಿದು, ಸಿನಿಮಾ ಆ್ಯಪ್‌ಗಳಲ್ಲಿ ಎಚ್‌ಡಿ ಸಿಗದು. ಆಗ ಗಾಬರಿಬಿದ್ದು ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಬೇಡಿ. ಲಿನಿಯೇಜ್ ಇರುವಾಗಲೇ ಲಾಕ್ ಮಾಡಿದರೆ ಸಹಿ ತಾಳೆಯಾಗದೆ ಫೋನ್ ಏಳುವುದೇ ಇಲ್ಲ. ಮೊದಲು ಕಂಪನಿಯ ಮೂಲ ಫರ್ಮ್‌ವೇರ್ ಪೂರ್ತಿ ಹಾಕಿ, ಅದು ಬೂಟ್ ಆದದ್ದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಲಾಕ್.