ಟೀಚರ್ ಜೊತೆ ಮಾತು: ಫೋಟೋ ಹಾಕ್ತಾಳೆ, ಇಪ್ಪತ್ತೇ ನಿಮಿಷಕ್ಕೆ ತೆಗೀತಾಳೆ

ಪ್ರಶ್ನೆ: ಟೀಚರ್, ನಮಸ್ಕಾರ. ನನ್ನ ಮಗಳಿಗೆ ಹದಿನೈದು, ಈ ವರ್ಷ ಎಸ್ಸೆಸ್ಸೆಲ್ಸಿ. ಕೈಯಲ್ಲಿ ಸದಾ ಫೋನು. ಬೈದರೆ "ಗ್ರೂಪಲ್ಲಿ ನೋಟ್ಸ್ ಹಾಕಿದ್ದಾರೆ" ಅನ್ನುತ್ತಾಳೆ. ಅದು ಪೂರ್ತಿ ಸುಳ್ಳೂ ಅಲ್ಲ, ಸ್ಕೂಲಿನವರು ಎಲ್ಲವನ್ನೂ ವಾಟ್ಸಾಪಿಗೇ ಕಳಿಸುತ್ತಾರೆ. ಆದರೆ ರಾತ್ರಿ ಹನ್ನೆರಡಾದರೂ ಹೊದಿಕೆಯೊಳಗೆ ಬೆಳಕು. ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ಹಾಕುತ್ತಾಳೆ, ಇಪ್ಪತ್ತು ನಿಮಿಷಕ್ಕೆ ತಾನೇ ತೆಗೆದುಬಿಡುತ್ತಾಳೆ. ಆಮೇಲೆ ಯಾರ ಹತ್ತಿರವೂ ಮಾತಿಲ್ಲ. ಕಳೆದ ವಾರ ಫೋನ್ ಕಿತ್ತುಕೊಂಡೆ. ಎರಡು ಹೊತ್ತು ಊಟ ಬಿಟ್ಟಳು. ಅವರಪ್ಪ "ಕೊಟ್ಬಿಡು ಅತ್ಲಾಗೆ" ಅಂದರು, ಕೊಟ್ಟೆ. ನಾನು ಮಾಡಿದ್ದು ತಪ್ಪಾ? (ನಾನೂ ಮಲಗಿಕೊಂಡು ಒಂದಿಷ್ಟು ಅಡುಗೆ ವಿಡಿಯೋ ನೋಡುತ್ತೇನೆ, ಸುಳ್ಳೇಕೆ ಹೇಳಲಿ.)
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಕಂಸದೊಳಗೆ ಒಂದು ಮಾತು ಬರೆದಿದ್ದೀರಲ್ಲ, ಇಡೀ ಕಾಗದದಲ್ಲಿ ನನಗೆ ಹಿಡಿಸಿದ್ದು ಅದೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಫೋಟೋ ವಿಷಯ. ನೀವು ಫೋನಿನ ಮೇಲೆ ಕಣ್ಣಿಟ್ಟಿದ್ದೀರಿ. ನಾನಾದರೆ ಆ ಇಪ್ಪತ್ತು ನಿಮಿಷದ ಮೇಲೆ ಕಣ್ಣಿಡುತ್ತಿದ್ದೆ. ಫೋಟೋ ಹಾಕಿ, ಎಷ್ಟು ಲೈಕ್ ಬಂತು, ಯಾರು ನೋಡಿಯೂ ಸುಮ್ನಿದ್ದಾರೆ ಅಂತ ಎಣಿಸಿ, ಸಾಕಾಗದೆ ತೆಗೆಯುವುದು. ಹದಿನೈದರ ಹುಡುಗಿಗೆ ಅದೊಂದು ದೊಡ್ಡ ಪರೀಕ್ಷೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು. ಮೊದಲ ಕೆಲವು ವರ್ಷ ಟೆಸ್ಟ್ ಪೇಪರ್ ಕೊಡುವಾಗ ಮಾರ್ಕ್ಸನ್ನು ಜೋರಾಗಿ ಓದಿ ಹೇಳುತ್ತಿದ್ದೆ. ಅದೂ ಕಡಿಮೆ ಬಂದವರಿಂದ ಶುರು. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಹೆಸರು ಕರೆಯುವ ಮೊದಲೇ ಎದ್ದು ಬಂದು, ಪೇಪರ್ ಕಿತ್ತುಕೊಂಡು ಹೊರಗೆ ಹೋದಳು. ಅವತ್ತಿಗೆ ನಿಲ್ಲಿಸಿದೆ. ನಿಮ್ಮ ಮಗಳು ಫೋಟೋ ತೆಗೆಯುವುದು ಕೇಳಿ ನನಗೆ ಅವಳೇ ಕಣ್ಮುಂದೆ ಬಂದಳು.

ಹಾಗಾಗಿ "ಯಾಕೆ ಅಷ್ಟು ಹೊತ್ತು ಫೋನು?" ಅಂತ ಕೇಳಬೇಡಿ. "ಮೊನ್ನೆ ಆ ಹಸಿರು ಚೂಡಿದಾರದ ಫೋಟೋ ಚೆನ್ನಾಗಿತ್ತಲ್ಲೇ, ಯಾಕೆ ತೆಗೆದೆ?" ಅಂತ ಕೇಳಿ. ಪಾತ್ರೆ ತೊಳೆಯುವಾಗ, ಅವಳ ಮುಖ ನೋಡದೆ ಕೇಳಿ. ಎದುರು ಕೂರಿಸಿಕೊಂಡರೆ ಈ ವಯಸ್ಸಿನವರು ಬಾಯಿ ಬಿಡುವುದಿಲ್ಲ. ಮೊದಲ ಸಲ "ಏನಿಲ್ಲ" ಅನ್ನುತ್ತಾಳೆ. ಬಿಡಿ, ನಾಲ್ಕು ದಿನ ಬಿಟ್ಟು ಮತ್ತೆ ಕೇಳಿ. ಲೈಕಿನ ಲೆಕ್ಕ ಕಾಣದ ಹಾಗೆ ಮಾಡುವ ಸೆಟ್ಟಿಂಗ್ ಇನ್‌ಸ್ಟಾಗ್ರಾಮಿನಲ್ಲಿ 2021ರಿಂದ ಇದೆ. ಮಾತು ಶುರುವಾದ ಮೇಲೆ ಅದನ್ನು ಹೇಳಿ, ಮೊದಲೇ ಅಲ್ಲ.

ಇನ್ನು ಕಿತ್ತುಕೊಂಡಿದ್ದು. ತಪ್ಪು ಅನ್ನುವುದಿಲ್ಲ, ಆದರೆ ಕೆಲಸಕ್ಕೆ ಬರಲಿಲ್ಲ ಅಲ್ವಾ? ನೋಟ್ಸ್ ಅದರಲ್ಲೇ, ಗೆಳತಿಯರೂ ಅದರಲ್ಲೇ. ಒಂದೇ ಏಟಿಗೆ ಎರಡೂ ಹೋದವು. ನನ್ನ ಮಾತು ಕೇಳಿ, ಫೋನ್ ಕಿತ್ತುಕೊಳ್ಳಬೇಡಿ, ರಾತ್ರಿಯನ್ನು ಮಾತ್ರ ವಾಪಸ್ ಪಡೆಯಿರಿ.

ಯಾಕೆ ರಾತ್ರಿ ಅಂದರೆ, ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅನ್ನುತ್ತಾರೆ ವೈದ್ಯರು. ಹನ್ನೆರಡಕ್ಕೆ ಮಲಗಿ ಟ್ಯೂಷನ್‌ಗೆಂದು ಐದೂವರೆಗೆ ಎದ್ದರೆ ಎಲ್ಲಿ ಬಂತು? ನಿದ್ದೆಗೆಟ್ಟ ಮಗುವಿಗೆ ಗೆಳತಿಯ ಒಂದು ಸಣ್ಣ ಮಾತೂ ಈಟಿಯ ಹಾಗೆ ಚುಚ್ಚುತ್ತದೆ. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯರು, ಆಗಿದ್ದ ಡಾ. ವಿವೇಕ್ ಮೂರ್ತಿ ಗೊತ್ತಲ್ಲ, ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯವರು. 2023ರ ಮೇ ತಿಂಗಳಲ್ಲಿ ಅವರು ಮಕ್ಕಳ ಮನಸ್ಸು ಮತ್ತು ಸೋಷಿಯಲ್ ಮೀಡಿಯಾದ ಬಗ್ಗೆಯೇ ಒಂದು ಎಚ್ಚರಿಕೆ ಹೊರಡಿಸಿದರು. ದಿನಕ್ಕೆ 3 ಗಂಟೆಗಿಂತ ಜಾಸ್ತಿ ಸೋಷಿಯಲ್ ಮೀಡಿಯಾದಲ್ಲಿರುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕದಂಥ ತೊಂದರೆಯ ಅಪಾಯ ಎರಡು ಪಟ್ಟು ಅಂತ ಅದರಲ್ಲಿದೆ. ಒಂಟಿ ಅನ್ನಿಸುವ ಮಕ್ಕಳಿಗೆ ಅಲ್ಲಿ ಜೊತೆ ಸಿಗುತ್ತದೆ ಅಂತಲೂ ಅದೇ ಎಚ್ಚರಿಕೆಯಲ್ಲಿದೆ. ಇದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಫೋನ್ ನೋಡಿ ಬೇಜಾರಾಗುತ್ತದೋ, ಬೇಜಾರಾಗಿ ಫೋನ್ ನೋಡುತ್ತಾರೋ? ಎರಡೂ ಇರಬಹುದು. ನಿಮ್ಮ ಮನೆಯಲ್ಲಿ ಯಾವುದು ಅಂತ ಆ ಪಾತ್ರೆ ತೊಳೆಯುವ ಹೊತ್ತೇ ಹೇಳಬೇಕು.

ಇನ್ನೊಂದು. "ಇನ್ನು ಹತ್ತು ನಿಮಿಷ" ಅಂದವಳು ಒಂದು ಗಂಟೆ ಬಿಡದಿದ್ದರೆ ಅದು ಬರೀ ಹಠ ಅಲ್ಲ. ನಾವು ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದೆವಲ್ಲ, ಘಟ್ಟ ಬಂದಾಗ "ಮುಂದಿನ ವಾರಕ್ಕೆ" ಅಂತ ಇರುತ್ತಿತ್ತು. ಬೈದುಕೊಂಡು ಪುಸ್ತಕ ಮುಚ್ಚುತ್ತಿದ್ದೆವು. ರೀಲ್ಸಿನಲ್ಲಿ "ಮುಂದಿನ ವಾರಕ್ಕೆ" ಬರುವುದೇ ಇಲ್ಲ. ಬೆರಳು ಎಳೆದಷ್ಟೂ ಬರುತ್ತದೆ, ಬೇಕೆಂದೇ ಹಾಗೆ ಮಾಡಿದ್ದಾರೆ. ನಿಮ್ಮ ಅಡುಗೆ ವಿಡಿಯೋ ಕೂಡ ಅಷ್ಟೇ.

ಈಗ ಆ ಕಂಸಕ್ಕೆ ಬಂದೆ. ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಫೋನೂ ಹಾಲಿನಲ್ಲಿ, ದೇವರ ಗೂಡಿನ ಪಕ್ಕದ ಪ್ಲಗ್ಗಿನ ಹತ್ತಿರ ಮಲಗಲಿ. ನಿಮ್ಮದೂ, ಯಜಮಾನರದೂ. ಅವರು ಗೊಣಗುತ್ತಾರೆ, ಗೊಣಗಲಿ. ಅವಳದು ಮಾತ್ರ ಹೊರಗಿಟ್ಟು ನಿಮ್ಮದು ದಿಂಬಿನ ಕೆಳಗಿದ್ದರೆ ಮೂರನೇ ದಿನಕ್ಕೆ ಕಾನೂನು ಮುರಿದುಬೀಳುತ್ತದೆ. ಇದನ್ನು ನಾಳೆಯೇ ಜಾರಿ ಮಾಡಬೇಡಿ, ಭಾನುವಾರ ಕೂತು ಅವಳನ್ನೂ ಕೇಳಿ ಗಂಟೆ ಗೊತ್ತು ಮಾಡಿ. ಹತ್ತೂವರೆ ಅಂದರೆ ಒಪ್ಪಿಕೊಳ್ಳಿ.

ಅವಳ ಅಕೌಂಟಿನಲ್ಲಿ ಹುಟ್ಟಿದ ಇಸವಿ ಏನಿದೆ ಅಂತಲೂ ಕೇಳಿ. ನನ್ನ ಶಿಷ್ಯೆಯೊಬ್ಬಳು ಎಂಟನೇ ಕ್ಲಾಸಿನಲ್ಲೇ 1998 ಅಂತ ಹಾಕಿ ಮದುವೆ ವಯಸ್ಸಿನವಳಾಗಿದ್ದಳು! ನಿಜವಾದ ಇಸವಿ ಇದ್ದರೆ ಇನ್‌ಸ್ಟಾಗ್ರಾಮ್ ಅದನ್ನು ಹದಿಹರೆಯದವರ ಅಕೌಂಟ್ ಮಾಡುತ್ತದೆ. ನಮ್ಮ ದೇಶದಲ್ಲಿ ಇದು 2025ರಲ್ಲಿ ಬಂತು. ಗೊತ್ತಿಲ್ಲದವರು ಫೋಟೋ ನೋಡುವ ಹಾಗಿಲ್ಲ, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಟಣ್ ಟಣ್ ಅನ್ನುವುದಿಲ್ಲ.

ಎರಡು ಹೊತ್ತು ಊಟ ಬಿಟ್ಟಿದ್ದಕ್ಕೆ ಗಾಬರಿ ಬೇಡ. ಆದರೆ ಊಟ ನಿದ್ದೆ ವಾರಗಟ್ಟಲೆ ಕೆಟ್ಟರೆ, ಸ್ಕೂಲಿಗೆ ಹೋಗಲ್ಲ ಅಂದರೆ, ಬದುಕಿ ಏನು ಪ್ರಯೋಜನ ಅನ್ನುವಂಥ ಮಾತು ಬಂದರೆ ನನಗೆ ಕಾಗದ ಬರೆಯುತ್ತ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲಿನ ಗೀಳಿಗೆಂದೇ 2014ರಿಂದ ಒಂದು ಕ್ಲಿನಿಕ್ ಇದೆ, ಶಟ್ ಕ್ಲಿನಿಕ್ ಅನ್ನುತ್ತಾರೆ.

ಹಾಂ, "ಅಲಾರಂಗೆ ಫೋನ್ ಬೇಕಲ್ಲಮ್ಮಾ" ಅಂತ ಅವಳು ಖಂಡಿತ ಅನ್ನುತ್ತಾಳೆ. ಮೊದಲೇ ಒಂದು ಅಲಾರಂ ಗಡಿಯಾರ ತಂದಿಟ್ಟಿರಿ. ಕೊಳ್ಳುವಾಗ ಕಿವಿ ಹತ್ತಿರ ಹಿಡಿದು ನೋಡಿ, ಟಿಕ್ ಟಿಕ್ ಜಾಸ್ತಿ ಇರಬಾರದು. ನಾನು ನೋಡದೆ ತಂದೆ. ನಮ್ಮ ಯಜಮಾನರು ದಿನಾ ರಾತ್ರಿ ಅದನ್ನು ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿಡುತ್ತಾರೆ, ಬೆಳಿಗ್ಗೆ ಬೀರು ಬಡಿದುಕೊಳ್ಳುತ್ತದೆ.