ಒಂದೇ ಕೋಷ್ಟಕದಿಂದ ವೆರಿಲಾಗ್ ಮತ್ತು ಸಿ: ಸ್ಕ್ರಿಪ್ಟ್ ಎಲ್ಲಿ ಎಡವುತ್ತದೆ?

ಪ್ರಶ್ನೆ: ನನ್ನ ಮುಕ್ತ ಹಾರ್ಡ್‌ವೇರ್ ವಿನ್ಯಾಸದಲ್ಲಿ 40 ರಿಜಿಸ್ಟರ್‌ಗಳಿವೆ (ಸಾಫ್ಟ್‌ವೇರ್ ವಿಳಾಸ ಕೊಟ್ಟು ಓದುವ, ಬರೆಯುವ ಪುಟ್ಟ ಸಂಗ್ರಹಗಳು). ಅವುಗಳ ವಿಳಾಸಗಳನ್ನು ಹಾರ್ಡ್‌ವೇರ್ ವಿವರಿಸುವ ಭಾಷೆಯಾದ ವೆರಿಲಾಗ್‌ನಲ್ಲಿ, ಸಾಫ್ಟ್‌ವೇರ್ ಬಳಸುವ ಸಿ ಹೆಡರ್‌ನಲ್ಲಿ, ದಾಖಲೆಯಲ್ಲಿ ಬೇರೆಬೇರೆಯಾಗಿ ಬರೆಯುತ್ತಿದ್ದೇನೆ. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಮರೆತುಹೋಗುತ್ತದೆ. ಪೈಥಾನ್ ಸ್ಕ್ರಿಪ್ಟ್‌ನಿಂದ ಮೂರನ್ನೂ ಪಡೆಯಬಹುದೇ? ಹಾಗೆ ಬಂದ ಫೈಲ್‌ಗಳನ್ನು ಗಿಟ್‌ಗೆ ಸೇರಿಸಬೇಕೇ?

ಉತ್ತರ: 40 ರಿಜಿಸ್ಟರ್ ಅಂದಮೇಲೆ ಸ್ಕ್ರಿಪ್ಟ್ ಬೇಕೇ ಬೇಕು. ಹೆಸರು, ವಿಳಾಸ, ಬಿಟ್‌ಗಳ ವ್ಯಾಪ್ತಿ, ಓದು-ಬರಹದ ಬಗೆ, ರೀಸೆಟ್ ಮೌಲ್ಯ, ವಿವರಣೆ ಎಂಬ ಆರು ಕಾಲಂಗಳ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕೋಷ್ಟಕ) ಸಾಕು. ಅದನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಹೆಕ್ಸ್ ವಿಳಾಸ 1ಇ4 (1E4) ಅನ್ನು ಅದು 1×10⁴ ಎಂದು ಓದಿ 10000 ಮಾಡಿಬಿಡಬಹುದು.

ಕೋಡ್ ಬರೆಯುವ ಭಾಗ ಸುಲಭ. ಶ್ರಮ ಬೇಕಿರುವುದು ಅದಕ್ಕೂ ಮುಂಚಿನ ತಪಾಸಣೆಗೆ. 32 ಬಿಟ್ ಬಸ್ ಆದರೆ ವಿಳಾಸ 4ರ ಗುಣಕವೇ? ಎರಡು ರಿಜಿಸ್ಟರ್‌ಗಳಿಗೆ ಒಂದೇ ವಿಳಾಸ ಬಿದ್ದಿದೆಯೇ? ಬಿಟ್‌ಗಳು ಒಂದರ ಮೇಲೊಂದು ಬಂದಿವೆಯೇ, 31ನ್ನು ದಾಟಿವೆಯೇ? ರೀಸೆಟ್ ಮೌಲ್ಯ ಆ ಅಗಲದಲ್ಲಿ ಹಿಡಿಸುತ್ತದೆಯೇ? ಒಂದು ತಪ್ಪಿದರೂ ಯಾವ ಸಾಲೆಂದು ಹೇಳಿ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು, ಅರೆಬರೆ ಫೈಲ್ ಬರೆಯಕೂಡದು.

ಟೆಂಪ್ಲೇಟ್‌ಗೆ, ಅಂದರೆ ಖಾಲಿ ಜಾಗಗಳಲ್ಲಿ ಕೋಷ್ಟಕದ ಮೌಲ್ಯ ತುಂಬುವ ಅಚ್ಚಿಗೆ, ಪೈಥಾನ್‌ನ ಜಿಂಜಾ2 ಒಳ್ಳೆಯದು, ಆದರೆ ಅದರ {{ ಗುರುತು ವೆರಿಲಾಗ್‌ನಲ್ಲಿ ಸೈನ್ ಬಿಟ್ ವಿಸ್ತರಿಸುವಾಗ ಬರುವ {{ ಜೊತೆ ಡಿಕ್ಕಿ ಹೊಡೆಯುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು [[ ಎಂದು ಬದಲಿಸಿ, ವೆರಿಲಾಗ್ ವ್ಯಾಕರಣದಲ್ಲಿ ಹಾಗೆ ಎರಡು ಆವರಣ ಒಟ್ಟಿಗೆ ತೆರೆಯುವ ಸಂದರ್ಭವಿಲ್ಲ.

‘1 ಬರೆದರೆ ಅಳಿಯುವ’ ಇಂಟರಪ್ಟ್ ಬಿಟ್‌ಗಳಲ್ಲಿ (ಘಟನೆ ನಡೆದಿದೆ ಎಂದು ಪ್ರೊಸೆಸರ್‌ಗೆ ತಿಳಿಸುವ ಬಿಟ್‌ಗಳು) ಮೈಯೆಲ್ಲ ಕಣ್ಣಾಗಿರಿ. ಸಾಫ್ಟ್‌ವೇರ್ ಅಳಿಸುವ ಕ್ಲಾಕ್‌ನಲ್ಲೇ ಹಾರ್ಡ್‌ವೇರ್ ಹೊಸ ಘಟನೆ ತಂದರೆ ಬಿಟ್ 1 ಆಗಿಯೇ ಉಳಿಯಬೇಕು, ಇಲ್ಲದಿದ್ದರೆ ಆ ಇಂಟರಪ್ಟ್ ಕಳೆದುಹೋಗುತ್ತದೆ. ಟೆಂಪ್ಲೇಟ್‌ನಲ್ಲಿ ಇದನ್ನು ಒಮ್ಮೆ ಸರಿಯಾಗಿ ಬರೆದರೆ ಅಂಥ ಎಲ್ಲ ಬಿಟ್‌ಗಳೂ ಸರಿಯಾಗುತ್ತವೆ. ಸ್ಕ್ರಿಪ್ಟ್‌ನ ನಿಜವಾದ ಲಾಭ ಇದೇ.

ಗಿಟ್‌ಗೆ ಸೇರಿಸಿ. ನಿಮ್ಮ ವಿನ್ಯಾಸ ಬಳಸುವವರು ಪೈಥಾನ್ ಇಲ್ಲದೆಯೂ ಯೋಸಿಸ್ ಎಂಬ ಮುಕ್ತ ಸಾಧನದಲ್ಲಿ ಸಿಂಥಸಿಸ್ (ವೆರಿಲಾಗ್ ಅನ್ನು ಸರ್ಕ್ಯೂಟ್ ಆಗಿ ಬದಲಿಸುವ ಹಂತ) ಮಾಡುವಂತಿರಬೇಕು. ಮೊದಲ ಸಾಲಲ್ಲಿ ‘ಕೈಯಿಂದ ತಿದ್ದಬೇಡಿ’ ಎಂಬ ಸೂಚನೆ, ಮೂಲ ಕೋಷ್ಟಕದ ಹೆಸರು, ಲೈಸೆನ್ಸ್ ಇರಲಿ. ದಿನಾಂಕ, ಸಮಯ ಬೇಡ. ಪೈಥಾನ್‌ನ ಸೆಟ್‌ನಲ್ಲಿಟ್ಟ ಹೆಸರುಗಳ ಕ್ರಮ ಪ್ರತಿ ಸಲ ಬದಲಾಗಬಹುದು, ಹಾಗಾಗಿ ವಿಂಗಡಿಸಿಯೇ ಬರೆಯಿರಿ. ಆಮೇಲೆ ಪ್ರತಿ ಕಮಿಟ್‌ಗೂ ಸ್ಕ್ರಿಪ್ಟ್ ಮತ್ತೆ ಓಡಿಸಿ, ಗಿಟ್ ಡಿಫ್ ಖಾಲಿ ಬರುತ್ತದೆಯೇ ನೋಡಿ, ವೆರಿಲೇಟರ್ ಸಾಧನದ ಲಿಂಟ್ (ಕೋಡ್ ಓಡಿಸದೆಯೇ ತಪ್ಪು ಹುಡುಕುವ ತಪಾಸಣೆ) ನಡೆಸಿ.

ಕೋಷ್ಟಕವೇ ತಪ್ಪಿದ್ದರೆ ಮೂರೂ ಫೈಲ್‌ಗಳು ಒಮ್ಮತದಿಂದ ತಪ್ಪಾಗಿರುತ್ತವೆ, ಲಿಂಟ್ ಕೂಡ ಸುಮ್ಮನಿರುತ್ತದೆ. ನಾಲ್ಕೈದು ಮುಖ್ಯ ರಿಜಿಸ್ಟರ್‌ಗಳ ವಿಳಾಸ ಮತ್ತು ರೀಸೆಟ್ ಮೌಲ್ಯಗಳನ್ನು ಟೆಸ್ಟ್‌ಬೆಂಚ್‌ನಲ್ಲಿ (ವಿನ್ಯಾಸವನ್ನು ಪರೀಕ್ಷಿಸುವ ಕೋಡ್‌ನಲ್ಲಿ) ಕೈಯಿಂದಲೇ ಬರೆದು ಪರೀಕ್ಷಿಸಿ.